ನಕಲಾಗದ ನೋಟು

ಮೈಸೂರಿನ ಕಬ್ಬಿಣದ ಕೊಳವೆಯ ಬಾಣಗಳನ್ನು ಮಾದರಿಯಾಗಿಟ್ಟುಕೊಂಡು ಬ್ರಿಟಿಷ್ ಸೈನ್ಯಕ್ಕೆ ರಾಕೆಟ್ಟು ಮಾಡಿಕೊಟ್ಟವನು ವಿಲಿಯಂ ಕಾಂಗ್ರೀವ್ ಎಂಬುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅದೇ ಮನುಷ್ಯ ಖೋಟಾ ನೋಟಿನ ಮೇಲೂ ಯುದ್ಧ ಹೂಡಿದ್ದನು. ನನಗೆ ಹೆಚ್ಚಿನದಾಗಿ ತೋರುವುದು ಈ ಎರಡನೆಯ ಯುದ್ಧವೇ.

1797ರಲ್ಲಿ ಫ್ರಾನ್ಸಿನೊಡನೆ ಕಾಳಗ ನಡೆದಿದ್ದಾಗ ಚಿನ್ನ ಬರಿದಾದೀತೆಂದು ಹೆದರಿ, ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. 1 ಮತ್ತು 2 ಪೌಂಡಿನ ನೋಟುಗಳನ್ನು ಹೊರಡಿಸಿತು. ಅಕ್ಷರ ಬಾರದ ಕೂಲಿಕಾರರ ಕೈಗೂ ಅವು ಬಂದವು. ಒಂದೇ ಮಗ್ಗುಲಿನ ಅಚ್ಚು, ಬರಿಯ ಕಪ್ಪು ಶಾಯಿ. ತಾಮ್ರದ ತಗಡು ಕೆತ್ತಬಲ್ಲವನಿಗೆ ನಕಲು ಕಷ್ಟವಾಗಿರಲಿಲ್ಲ. ಶಿಕ್ಷೆಯೋ, ಗಲ್ಲು! 1821ರ ಹೊತ್ತಿಗೆ 300ಕ್ಕೂ ಹೆಚ್ಚು ಜನ ನೇಣಿಗೇರಿದರು. ಅವರಲ್ಲಿ ಬಹಳ ಮಂದಿ ನೋಟು ಕೆತ್ತಿದವರಲ್ಲ, ಚಲಾಯಿಸುವಾಗ ಸಿಕ್ಕಿಬಿದ್ದ ಬಡವರು.

ಇದನ್ನು ತಡೆಯುವ ಬಗೆಯನ್ನು ವಿಚಾರಿಸಲು 1818ರಲ್ಲಿ ನೇಮಕವಾದ ಆಯೋಗದಲ್ಲಿ ಕಾಂಗ್ರೀವನೂ ಇದ್ದನು. ಅವನು ಪೇಟೆಂಟು ಪಡೆದ ಉಪಾಯ ಸರಳವಾದುದು: ಒಂದರೊಳಗೊಂದು ಕೂಡುವ ಎರಡು ತಗಡು, ಬಿಡಿಸಿ ಬೇರೆ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ, ಒಂದೇ ಸಲ ಒತ್ತುವುದು. ಎರಡು ಬಣ್ಣದ ಗೆರೆಗಳು ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತಿದ್ದವು. ಎರಡು ಸಲ ಒತ್ತುವ ಕಳ್ಳನಿಗೆ ಅದು ಸಾಧಿಸದು.

ಸರ್ಕಾರದ ತೆರಿಗೆ ಮುದ್ರೆಗಳಿಗೆ ಈ ವಿಧಾನ ಬಳಕೆಯಾಯಿತು. ಬ್ಯಾಂಕು ಮಾತ್ರ ಒಪ್ಪಲಿಲ್ಲ. 1821ರಲ್ಲಿ ಚಿನ್ನದ ಪಾವತಿ ಮತ್ತೆ ಆರಂಭವಾಗಿ, ಸಣ್ಣ ನೋಟುಗಳು ಹಿಂದೆ ಸರಿದವು.

ಪತ್ರವೊಂದರ ಸಾಚಾತನವನ್ನು ಕಾಯುವ ಹೊಣೆ ಅದನ್ನು ಅಚ್ಚುಹಾಕಿದವನದು. ಓದಬಾರದವನ ಕಣ್ಣಿಗೂ ಗುರುತು ಸಿಗದಂತೆ ನೋಟು ಮಾಡಿ, ಆಮೇಲೆ ಹಗ್ಗ ಹಿಡಿದು ನಿಲ್ಲುವುದು ನ್ಯಾಯವಲ್ಲ.