ಊರಿಂದ ದೂರ

1958ರಲ್ಲಿ ಕೇರಳದಲ್ಲಿ ಫಾಲಿಡಾಲ್ ಬೆರೆತ ಗೋಧಿಹಿಟ್ಟು ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಆ ಹೆಣಗಳ ಬೆನ್ನಿಗೆ ಬಂದದ್ದು 1968ರ ಕೀಟನಾಶಕ ಕಾಯ್ದೆ: ನೋಂದಣಿಯಾಗದ ವಿಷ ಮಾರಕೂಡದು. 1971ರ ನಿಯಮ ಹೇಳಿತು: ಸಿಂಪಡಿಸುವವನಿಗೆ ಕೈಗವಸು, ಬೂಟು ಕೊಡಿ, ಖಾಲಿ ಡಬ್ಬ ಒಡೆದು ವಸತಿಯಿಂದ ದೂರ ಹೂಳಿ. ದೂರ ಅಂದ್ರೆ ಎಲ್ಲಿ ಸ್ವಾಮಿ? ಊರಿಂದ ದೂರ ಇರೋದು ನಮ್ಮ ಕೇರಿಯೇ.

ಕಾಸರಗೋಡಿನ ಗೇರುತೋಟ ಸರ್ಕಾರದ ನಿಗಮದ್ದೇ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ನೋಂದಣಿ ಕಾಗದ ಇತ್ತು. ಕೆಳಗೆ ಎಣ್ಮಕಜೆಯ ಜನ ಸುರಂಗದ ನೀರು, ತೋಡಿನ ನೀರು ಕುಡೀತಿದ್ದರು. ತೋಡಿಗೆ ಯಾವ ಕೈಗವಸು? 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಎಂದು 2017ರಲ್ಲಿ ಕೇರಳ ಸರ್ಕಾರಕ್ಕೆ ಹೇಳಿತು. 2022ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟೇ ಜನಕ್ಕೆ, ಅದೂ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ.