ಸಮುದಾಯ ಕಂಪ್ಯೂಟರ್ ಕೇಂದ್ರಗಳು: ಬೆಳೆದ ಬಗೆ, ಉಳಿದ ಬಗೆ

ಊರಿನವರೆಲ್ಲ ಒಂದೆಡೆ ಸೇರಿ ಕಂಪ್ಯೂಟರ್ ಕಲಿಯುವ, ಬಳಸುವ ಕೇಂದ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ 1985ರಿಂದ ಹೇಳಲಾಗುತ್ತದೆ. ಆ ವರ್ಷ ಸ್ವೀಡನ್ನಿನ ವೆಮ್‌ಡಾಲೆನ್ ಎಂಬ ಹಳ್ಳಿಯಲ್ಲಿ ಇಂಥ ಕೇಂದ್ರವೊಂದು ತೆರೆಯಿತು. ಜನ ಊರು ಬಿಡದೆ ಕೆಲಸವನ್ನೂ ಕಲಿಕೆಯನ್ನೂ ಪಡೆಯಲಿ ಎಂಬುದು ಅದರ ಉದ್ದೇಶವಾಗಿತ್ತು. ಮುಂದಿನ ದಶಕದಲ್ಲಿ ಈ ಕಲ್ಪನೆ ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಾಗಳಿಗೆ ಹಬ್ಬಿತು. ಆದರೆ ಸ್ವೀಡನ್ನಿನ ಹಳ್ಳಿಗೆ ಮೊದಲೇ ಇದ್ದ ಕರೆಂಟು, ಟೆಲಿಫೋನ್‌ಗಳನ್ನು ಈ ಪ್ರದೇಶಗಳಲ್ಲಿ ಅನೇಕ ಕಡೆ ಕೇಂದ್ರವೇ ಹೊಂದಿಸಿಕೊಳ್ಳಬೇಕಿತ್ತು. ಯಂತ್ರಗಳು ದೇಣಿಗೆಯಾಗಿ ಬರುತ್ತಿದ್ದವು. ಬಾಡಿಗೆ, ಬ್ಯಾಟರಿ, ರಿಪೇರಿ, ಕಲಿಸುವವರ ಸಂಬಳ ಇವಕ್ಕೆ ಪ್ರತಿ ತಿಂಗಳೂ ಹಣ ಬೇಕು. ಈ ಖರ್ಚನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರಗಳೇ ಈ ಕ್ಷೇತ್ರದ ಬೆಳವಣಿಗೆಯ ಕಥೆ.

ಬ್ರೆಜಿಲ್‌ನಲ್ಲಿ ರೋಡ್ರಿಗೊ ಬಾಜಿಯೊ 1995ರಲ್ಲಿ ಕಟ್ಟಿದ ಸಿಡಿಐ ಸಂಸ್ಥೆ ತನ್ನ ಮೊದಲ ಕಂಪ್ಯೂಟರ್ ಶಾಲೆಯನ್ನು ರಿಯೊ ಡಿ ಜನೈರೊದ ಸಾಂಟಾ ಮಾರ್ಟಾ ಕೊಳೆಗೇರಿಯಲ್ಲಿ ತೆರೆಯಿತು. ಸಂಸ್ಥೆ ಹಳೆಯ ಕಂಪ್ಯೂಟರ್‌ಗಳನ್ನೂ ಪಠ್ಯಕ್ರಮವನ್ನೂ ಕೊಡುತ್ತಿತ್ತು. ಕಲಿಸುವವರಿಗೆ ತರಬೇತಿ ನೀಡುತ್ತಿತ್ತು. ಶಾಲೆ ನಡೆಸುವ ಹೊಣೆ ಮಾತ್ರ ಆಯಾ ಬಡಾವಣೆಯ ಸಂಘದ್ದೇ. ವಿದ್ಯಾರ್ಥಿಗಳು ಕೊಡುವ ಸಣ್ಣ ಶುಲ್ಕದಿಂದ ನಿತ್ಯದ ಖರ್ಚು ನಡೆಯುತ್ತಿತ್ತು. ಪೆರುವಿನಲ್ಲಿ ಬೇರೆಯದೇ ಹಾದಿ. 1994ರಲ್ಲಿ ರೆಡ್ ಸಿಯೆಂಟಿಫಿಕಾ ಪೆರುವಾನಾ ಎಂಬ ಜಾಲಸಂಸ್ಥೆ ರೂಪಿಸಿದ, ಇಂಟರ್ನೆಟ್ ಬಳಕೆಯ ‘ಕಬಿನಾ’ಗಳ ಮಾದರಿಯನ್ನು ಸಣ್ಣ ವ್ಯಾಪಾರಿಗಳು ಎತ್ತಿಕೊಂಡರು. ಗಂಟೆಗಿಷ್ಟು ಎಂದು ಹಣ ಪಡೆದು ನಡೆಸುತ್ತಿದ್ದ ಈ ಅಂಗಡಿಗಳು ಯಾವ ನೆರವೂ ಇಲ್ಲದೆ ದೇಶವೆಲ್ಲ ಹರಡಿದವು. ಆದರೆ ಅಂಥ ಕಡೆ ಕಲಿಸುವ ಕೆಲಸ ಹಿಂದೆ ಬಿತ್ತು. ಇದು ಸಣ್ಣ ನಷ್ಟವಲ್ಲ.

ಆಫ್ರಿಕದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳೇ ಮುಂದಾಳತ್ವ ವಹಿಸಿದವು. ಕೆನಡಾದ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಐಡಿಆರ್‌ಸಿ, ಯುನೆಸ್ಕೊ, ದೂರಸಂಪರ್ಕ ಒಕ್ಕೂಟವಾದ ಐಟಿಯು ಸೇರಿ ಮಾಲಿಯ ಟಿಂಬಕ್ಟು, ಉಗಾಂಡದ ನಕಸೆಕೆ ಮುಂತಾದೆಡೆ ಕೇಂದ್ರಗಳನ್ನು ಸ್ಥಾಪಿಸಿದವು. ನಕಸೆಕೆಯಲ್ಲಿ ಆದ ಒಂದು ಕೆಲಸ ನೆನಪಿಡುವಂಥದ್ದು. ಓದು ಬಾರದ ರೈತ ಮಹಿಳೆಯರಿಗಾಗಿ, ಸಂಪಾದನೆಯ ದಾರಿಗಳನ್ನು ಕುರಿತ ಸಿ.ಡಿ.ಯೊಂದನ್ನು ಅಲ್ಲಿ ಬಳಕೆಗೆ ತರಲಾಯಿತು. ತೆರೆಯ ಮೇಲಿನ ಚಿತ್ರಕ್ಕೆ ಮೌಸ್ ಒಯ್ದು ಒತ್ತಿದರೆ ಸಾಕು, ಮಾತು ಕೇಳಿಸುತ್ತಿತ್ತು. ಅಕ್ಷರ ತಿಳಿಯದ ಅಜ್ಜಿಯೊಬ್ಬರು ಅದನ್ನು ಕಲಿತು ಬೇರೆ ಹೆಂಗಸರಿಗೂ ಕಲಿಸಿದರು. ಕಂಪ್ಯೂಟರ್ ಕಲಿಯಲು ಮೊದಲು ಅಕ್ಷರ, ಅದರಲ್ಲೂ ಇಂಗ್ಲಿಷ್, ಬರಲೇಬೇಕು ಎಂಬ ನಂಬಿಕೆ ಇಲ್ಲಿ ಸುಳ್ಳಾಯಿತು. ಇತ್ತ ದಕ್ಷಿಣ ಆಫ್ರಿಕದಲ್ಲಿ ಸರ್ಕಾರ ತೆರೆದ ಹಲವು ಕೇಂದ್ರಗಳು ಕಳ್ಳತನ, ಕೆಟ್ಟ ಫೋನ್, ನೋಡಿಕೊಳ್ಳುವವರ ಕೊರತೆಯಿಂದ ಮುಚ್ಚಿಹೋದವು.

ಭಾರತದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ 1998ರಲ್ಲಿ ಪುದುಚೇರಿಯ ಹಳ್ಳಿಗಳಲ್ಲಿ ಕೆಲಸ ಆರಂಭಿಸಿತು. ಊರಿನವರು ಬಾಡಿಗೆಯಿಲ್ಲದೆ ಜಾಗ ಕೊಡಬೇಕು, ನಡೆಸಲು ತಮ್ಮಲ್ಲೇ ಸ್ವಯಂಸೇವಕರನ್ನು ಆರಿಸಬೇಕು, ದಲಿತರೂ ಸೇರಿ ಎಲ್ಲರಿಗೂ ಪ್ರವೇಶವಿರಬೇಕು ಎಂಬುದು ಅದರ ಷರತ್ತು. ಕರೆಂಟು ಕೈಕೊಡುವ ಕಡೆ ಸೌರಫಲಕ ಹಾಕಿದರು. ವೀರಂಪಟ್ಟಿಣಂ ಎಂಬ ಮೀನುಗಾರರ ಊರಿನಲ್ಲಿ, ಅಮೆರಿಕದ ನೌಕಾಪಡೆಯ ಜಾಲತಾಣದಿಂದ ಪಡೆದ ಅಲೆಗಳ ಎತ್ತರದ ಮಾಹಿತಿಯನ್ನು ಧ್ವನಿವರ್ಧಕದಲ್ಲಿ ಸಾರುತ್ತಿದ್ದರು. ಮೀನುಗಾರರು ಅದನ್ನು ಕೇಳಿ ದೋಣಿ ಇಳಿಸುವುದೋ ಬೇಡವೋ ಎಂದು ನಿರ್ಧರಿಸುತ್ತಿದ್ದರು. ಪ್ರಾಣಕ್ಕೆ ಸಂಬಂಧಿಸಿದ ಕೆಲಸಕ್ಕೆ ಬಂದಾಗ ಕೇಂದ್ರ ಊರಿನದೇ ಆಗುತ್ತದೆ.

ಕೇರಳದ ‘ಅಕ್ಷಯ’ ಯೋಜನೆ 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಶುರುವಾಯಿತು. ಮನೆಗೊಬ್ಬರಿಗೆ ಕಂಪ್ಯೂಟರ್ ಪರಿಚಯ ಮಾಡಿಸುವುದು ಅದರ ಗುರಿ. ಸ್ಥಳೀಯ ಉದ್ಯಮಿಗಳು ಸಾಲ ಮಾಡಿ ಕೇಂದ್ರ ತೆರೆದರು. ತಲಾ 140 ರೂಪಾಯಿ ಶುಲ್ಕದಲ್ಲಿ 120 ರೂಪಾಯಿಯನ್ನು ಪಂಚಾಯತಿಗಳು ಭರಿಸಿದವು. ತರಬೇತಿ ಮುಗಿದೊಡನೆ ಆ ಆದಾಯವೂ ನಿಂತಿತು, ಎಷ್ಟೋ ಕೇಂದ್ರಗಳು ಬಾಗಿಲು ಹಾಕಿದವು. ಉಳಿದವು ಬಿಲ್ ಪಾವತಿ, ಸರ್ಕಾರಿ ಅರ್ಜಿಗಳತ್ತ ಹೊರಳಿ ಬದುಕಿಕೊಂಡವು.

ಕರ್ನಾಟಕದಲ್ಲೂ ಎರಡು ಬಗೆಯ ಪ್ರಯತ್ನಗಳು ನಡೆದವು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಕಂಪ್ಯೂಟರ್ ಜೊತೆಗೆ ಧ್ವನಿ ಕಾರ್ಯಕ್ರಮಗಳನ್ನೂ ತಯಾರಿಸುತ್ತಿದ್ದ ‘ನಮ್ಮ ಧ್ವನಿ’ ಕೇಂದ್ರ ಸ್ವಸಹಾಯ ಸಂಘಗಳ ಮಹಿಳೆಯರನ್ನು ಜೊತೆಗಿಟ್ಟುಕೊಂಡು ಬೆಳೆಯಿತು. ಸಮುದಾಯ ಬಾನುಲಿಗೆ ಪರವಾನಗಿ ಸಿಗದ ಆ ದಿನಗಳಲ್ಲಿ ಕಾರ್ಯಕ್ರಮಗಳನ್ನು ಕೇಬಲ್ ಟಿ.ವಿ. ತಂತಿಯ ಮೂಲಕವೇ ಮನೆಮನೆಗೆ ಕಳಿಸಲಾಗುತ್ತಿತ್ತು. ಇನ್ನೊಂದು, 2006ರ ಹೊತ್ತಿಗೆ ಹೋಬಳಿಗಳಲ್ಲಿ ತಲೆಯೆತ್ತಿದ ನೆಮ್ಮದಿ ಕೇಂದ್ರ. ಪಹಣಿ, ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಜನ ಸಾಲುಗಟ್ಟಿದ್ದರಿಂದ ಅದಕ್ಕೆ ಗಿರಾಕಿಗಳ ಕೊರತೆಯಿರಲಿಲ್ಲ. ಆದರೆ ಅಲ್ಲಿ ಕಂಪ್ಯೂಟರ್ ಮುಟ್ಟುತ್ತಿದ್ದವರು ಸಿಬ್ಬಂದಿ ಮಾತ್ರ, ಜನ ಕಿಟಕಿಯಾಚೆ ನಿಂತವರು.

2006ರ ರಾಷ್ಟ್ರೀಯ ಇ-ಆಡಳಿತ ಯೋಜನೆಯಡಿ ದೇಶದಾದ್ಯಂತ ಒಂದು ಲಕ್ಷ ಸಾಮಾನ್ಯ ಸೇವಾ ಕೇಂದ್ರಗಳನ್ನು ತೆರೆಯಲು ನಿರ್ಧರಿಸಲಾಯಿತು. 2017ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಆರು ಕೋಟಿ ಗ್ರಾಮೀಣ ಕುಟುಂಬಗಳ ಗುರಿಯಿಟ್ಟುಕೊಂಡು ಇಂಥ ಕೇಂದ್ರಗಳ ಮೂಲಕ 20 ಗಂಟೆಗಳ ತರಬೇತಿ ನೀಡಿತು. ಪರೀಕ್ಷೆ ಪಾಸಾದವರ ಲೆಕ್ಕದಲ್ಲಿ ಕೇಂದ್ರಕ್ಕೆ ಹಣ ಸಂದಾಯವಾಗುತ್ತಿತ್ತು. ಕಲಿತದ್ದು ಕೈಗೆ ಹತ್ತಲು ಬೇಕಾದ ಮುಂದಿನ ಅಭ್ಯಾಸಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಈ ನಡುವೆ ಅಗ್ಗದ ಸ್ಮಾರ್ಟ್‌ಫೋನ್ ಬಂದು, ಬಿಲ್ ಕಟ್ಟುವುದು, ಸುದ್ದಿ ನೋಡುವುದು ಮುಂತಾದವಕ್ಕೆ ಕೇಂದ್ರಕ್ಕೆ ಹೋಗಬೇಕಾದ ಅಗತ್ಯ ತಗ್ಗಿತು. ಟೈಪಿಂಗ್, ಲೆಕ್ಕಪತ್ರ, ಕೆಲಸಕ್ಕೆ ಅರ್ಜಿ ತಯಾರಿ ಇವಕ್ಕೆ ಈಗಲೂ ಕೀಲಿಮಣೆ ಮತ್ತು ಹೇಳಿಕೊಡುವವರು ಬೇಕು. ಕರ್ನಾಟಕದಲ್ಲಿ 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಕಂಪ್ಯೂಟರ್‌ಗಳನ್ನೂ ಪಡೆಯುತ್ತಿವೆ. ಕಟ್ಟಡ, ಮೇಲ್ವಿಚಾರಕರ ಸಂಭಾವನೆ ಮೊದಲೇ ಸಾರ್ವಜನಿಕ ಹಣದಿಂದ ನಡೆಯುವುದರಿಂದ ಇವು ಗಿರಾಕಿಗಳ ಶುಲ್ಕವನ್ನೇ ನೆಚ್ಚಬೇಕಿಲ್ಲ. ಮೇಲ್ವಿಚಾರಕರಿಗೆ ಕಲಿಸುವ ತರಬೇತಿ, ಕೆಟ್ಟ ಯಂತ್ರವನ್ನು ಬೇಗ ಸರಿಪಡಿಸುವ ಏರ್ಪಾಡು ಇವೆರಡನ್ನೂ ಪಂಚಾಯತಿಗಳು ಒದಗಿಸಬೇಕಿದೆ.