ಮೊಲೊಕಾಯ್ ದ್ವೀಪದ ಇಬ್ಬರು ಸಂತರು

1884ರ ಡಿಸೆಂಬರ್ ತಿಂಗಳ ಒಂದು ದಿನ ಫಾದರ್ ದಾಮಿಯನ್ನರು ತಮ್ಮ ದಣಿದ ಪಾದಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟರು. ಚರ್ಮ ಸುಟ್ಟು ಬೊಬ್ಬೆಯೆದ್ದಿತು. ನೋವು ಮಾತ್ರ ತಿಳಿಯಲಿಲ್ಲ. ಹನ್ನೊಂದು ವರ್ಷಗಳಿಂದ ಕುಷ್ಠರೋಗಿಗಳ ಹುಣ್ಣು ತೊಳೆದಿದ್ದ ಅವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೆಲ್ಜಿಯಂ ದೇಶದ ಈ ಧರ್ಮಗುರು ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಬಂದದ್ದು 1873ರ ಮೇ ತಿಂಗಳಲ್ಲಿ. 1865ರ ಕಾನೂನಿನಂತೆ ರೋಗಿಗಳನ್ನು ಮನೆಮಂದಿಯಿಂದ ಬೇರ್ಪಡಿಸಿ ಅಲ್ಲಿಗೆ ಸಾಗಿಸಲಾಗುತ್ತಿತ್ತು. ಅದೇ 1873ರಲ್ಲಿ ನಾರ್ವೆಯ ಬರ್ಗೆನ್ ನಗರದ ವೈದ್ಯ ಹ್ಯಾನ್ಸೆನ್, ರೋಗಿಯ ಚರ್ಮದ ಗಂಟಿನಿಂದ ತೆಗೆದ ರಸದಲ್ಲಿ ಕಡ್ಡಿಯಂತಹ ಸೂಕ್ಷ್ಮಜೀವಿಗಳನ್ನು ಕಂಡರು. ವಂಶದಿಂದ ಬರುವ ವ್ಯಾಧಿಯೆಂದು ಅಂದಿನ ಅನೇಕ ವೈದ್ಯರು, ಪಾಪದ ಫಲವೆಂದು ಜನಸಾಮಾನ್ಯರು ನಂಬಿದ್ದ ಕಾಯಿಲೆಗೆ ಕಾರಣ ಒಂದು ರೋಗಾಣು! (ಯಾಜಕಕಾಂಡದ 'ಕುಷ್ಠ'ವನ್ನು ಇಲ್ಲಿಗೆ ಎಳೆದು ತರಬೇಡಿ. ಅಲ್ಲಿ ಅದು ಬಟ್ಟೆಗೂ ಮನೆಯ ಗೋಡೆಗೂ ತಗಲುತ್ತದೆ. ಅದು ಈ ಒಂದೇ ರೋಗದ ಹೆಸರಲ್ಲ.)

ಈ ರೋಗಾಣು ಬಹಳ ನಿಧಾನಿ. ಕೆಲವು ರೋಗಾಣುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ಇದಕ್ಕೆ ಸುಮಾರು ಎರಡು ವಾರ ಬೇಕು. ಆದ್ದರಿಂದ ಸೋಂಕು ತಗಲಿ ಲಕ್ಷಣ ತೋರಲು ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ಹಿಡಿಯುತ್ತದೆ. ದೇಹದ ತಂಪಾದ ಭಾಗಗಳಾದ ಚರ್ಮ, ಮೂಗು, ಕೈಕಾಲುಗಳ ನರಗಳು ಇದಕ್ಕೆ ಪ್ರಿಯ. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ನಮ್ಮ ಕಾವಲು ಕೋಶಗಳ ಒಳಗೇ ಇದು ಮನೆ ಮಾಡುತ್ತದೆ. ರಕ್ತದಲ್ಲಿ ಹರಿಯುವ ಪ್ರತಿಕಾಯಗಳು ಎಷ್ಟಿದ್ದರೂ ಕೋಶದೊಳಗೆ ಅವಿತ ಶತ್ರುವನ್ನು ಮುಟ್ಟಲಾರವು. ಬಿಳಿ ರಕ್ತಕಣಗಳಲ್ಲೊಂದು ಬಗೆಯವು ಬಂದು ಆ ಕಾವಲು ಕೋಶಗಳನ್ನು ಕೆರಳಿಸಿದರೆ ಮಾತ್ರ ಒಳಗಿನ ರೋಗಾಣು ಸಾಯುತ್ತದೆ. ಈ ರಕ್ಷಣೆ ಸಾಕಷ್ಟಿದ್ದವರಲ್ಲಿ ಒಂದೆರಡು ಮಚ್ಚೆಗಳಿಗೇ ರೋಗ ನಿಲ್ಲುತ್ತದೆ. ಇಲ್ಲದವರಲ್ಲಿ ಮೈಯೆಲ್ಲ ವ್ಯಾಪಿಸುತ್ತದೆ. ಹೋರಾಟದ ಉರಿಯೂತವೂ ನರಗಳನ್ನು ಕೆಡಿಸುತ್ತದೆಂಬುದು ವಿಪರ್ಯಾಸ. ಬೆರಳುಗಳನ್ನು ರೋಗಾಣು ತಿನ್ನುವುದಿಲ್ಲ, ಓದುಗರೇ! ನೋವರಿಯದ ಕೈ ಬಿಸಿ ಪಾತ್ರೆಯನ್ನು ಹಿಡಿದೇ ಇರುತ್ತದೆ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ಸ್ವಾತಂತ್ರ್ಯದ ಹೊತ್ತಿಗೆ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ಇದನ್ನು ಜಗತ್ತಿಗೆ ಮನಗಾಣಿಸಿದರು. ಮಡಚಿಕೊಂಡ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿದರು.

ದಾಮಿಯನ್ನರು 1889ರ ಏಪ್ರಿಲ್ 15ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಮರುವರ್ಷವೇ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು.

ದಾಮಿಯನ್ನರ ಕೊನೆಯ ದಿನಗಳಲ್ಲಿ ಅವರ ನೆರವಿಗೆ ಬಂದ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀ ಮದರ್ ಮೇರಿಯಾನ್ ಕೋಪ್ 1883ರಿಂದ ಹವಾಯಿಯಲ್ಲೂ, 1888ರಿಂದ ಮೊಲೊಕಾಯ್‌ನಲ್ಲೂ ಅವೇ ರೋಗಿಗಳ ಸೇವೆ ಮಾಡಿದರು. 1918ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ರೋಗ ತಗಲಲಿಲ್ಲ. ಕೈ ತೊಳೆಯುವ ವಿಷಯದಲ್ಲಿ ಅವರು ಬಹು ಕಟ್ಟುನಿಟ್ಟು. ಅದೂ ಒಂದು ಕಾರಣವಿರಬಹುದು. ಆದರೆ ನೂರರಲ್ಲಿ ಸುಮಾರು ತೊಂಬತ್ತೈದು ಮಂದಿಯ ದೇಹ ಹುಟ್ಟಿನಿಂದಲೇ ಈ ರೋಗಾಣುವನ್ನು ಗೆಲ್ಲಬಲ್ಲದು ಎಂಬುದು ಇಂದು ತಿಳಿದಿದೆ. ದಾಮಿಯನ್ನರಿಗೆ 2009ರಲ್ಲಿ, ಮೇರಿಯಾನರಿಗೆ 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಸಂತ ಪದವಿ ನೀಡಿದರು. ಒಬ್ಬರ ದೇಹ ಸೋತಿತು, ಇನ್ನೊಬ್ಬರದು ಗೆದ್ದಿತು. ಇದರಲ್ಲಿ ಯಾರ ಪುಣ್ಯವನ್ನು ಅಳೆಯುತ್ತೀರಿ?

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳಿಂದ ಒಂದು ವರ್ಷ ಗುಳಿಗೆ ನುಂಗಿದರೆ ರೋಗ ವಾಸಿ. ಚಿಕಿತ್ಸೆ ಆರಂಭವಾದೊಡನೆಯೇ ಹರಡುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಹೀಗಿದ್ದೂ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯನ್ನು 2001ರಲ್ಲಿ ತಿದ್ದಿದಾಗ, 'ವಾಸಿಯಾಗದ' ಕುಷ್ಠವೂ ಸಂಗಾತಿಯನ್ನು ತೊರೆಯಲು ಒಂದು ಆಧಾರವೆಂದು ಬರೆಯಲಾಯಿತು. ಔಷಧ ಬಂದು ಆಗಲೇ ಇಪ್ಪತ್ತು ವರ್ಷಗಳಾಗಿದ್ದವು. ಆ ಸಾಲನ್ನು ಸಂಸತ್ತು ಅಳಿಸಿಹಾಕಿದ್ದು 2019ರಲ್ಲಿ.